ಮನೆಯಡಿಯ ಹಗೇವು: ನರಗುಂದ, ರೋಣ, ಗಜೇಂದ್ರಗಡದ ನಿವಾಸಿಗಳು ತಿಳಿದಿರಬೇಕಾದದ್ದು

ನರಗುಂದ: ನಿನ್ನೆಯವರೆಗೆ ಮಕ್ಕಳು ಆಡಿಕೊಂಡಿದ್ದ ಅಂಗಳ ಬೆಳಗಾಗುವಷ್ಟರಲ್ಲಿ ಬಾಯಿ ತೆರೆದಿರುತ್ತದೆ. ಇಣುಕಿ ನೋಡಿದರೆ ಎರಡಾಳು ಆಳದ ಗುಂಡಿ, ತಳದಲ್ಲಿ ನೀರು. 2019 ಹಾಗೂ 2020ರಲ್ಲಿ ನರಗುಂದ ಪಟ್ಟಣದ ಕಸಬಾ, ಹಗೇದಕಟ್ಟಿ ಮೊದಲಾದ ಹಳೆಯ ಓಣಿಗಳಲ್ಲಿ ಇಂತಹ ಕುಸಿತಗಳು ಒಂದರ ಬೆನ್ನಿಗೆ ಒಂದರಂತೆ ಸಂಭವಿಸಿ ನಾಗರಿಕರ ನಿದ್ದೆ ಕೆಡಿಸಿದ್ದವು. ಮನೆಯೊಳಗೆ, ಮನೆಯ ಮುಂದಿನ ಕಟ್ಟೆಯ ಬಳಿ, ರಸ್ತೆಯ ನಡುವೆ, ಹೀಗೆ ಎಲ್ಲಿ ನೆಲ ಬಾಯ್ದೆರೆಯುವುದೋ ಎಂಬ ಭಯದಲ್ಲಿ ಹಲವು ಕುಟುಂಬಗಳು ದಿನ ಕಳೆದವು.

ಆಗ ಪಟ್ಟಣದಲ್ಲಿ ಭೂಕಂಪದ ಮಾತು ಹಬ್ಬಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜರಿದುದನ್ನು ದೂರದರ್ಶನದಲ್ಲಿ ಕಂಡಿದ್ದ ಜನ, ನರಗುಂದದ ಗುಡ್ಡಕ್ಕೂ ಅದೇ ಗತಿ ಬಂದೀತೆಂದು ಅಂಜಿದ್ದರೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ ಭೂವಿಜ್ಞಾನಿಗಳು ಪರಿಶೀಲಿಸಿ ಹೇಳಿದ ಕಾರಣ ಬೇರೆಯದು. ಊರಿನ ಹಿರಿಯರಿಗೆ ಅದು ಹೊಸತೂ ಆಗಿರಲಿಲ್ಲ. ಹಳೆಯ ಕಾಲದಲ್ಲಿ ಜೋಳ ತುಂಬಿಡಲು ತೋಡಿದ್ದ ಹಗೇವುಗಳು ನೆಲದಡಿಯಲ್ಲಿ ಹಾಗೆಯೇ ಉಳಿದಿವೆ. ಅಂತರ್ಜಲ ಮೇಲೇರಿ ಅವುಗಳ ಗೋಡೆ ನೆನೆದು ಕುಸಿಯುತ್ತಿದೆ ಎಂಬುದೇ ಆ ಕಾರಣ. ಹಗೇದಕಟ್ಟಿ ಎಂಬ ಓಣಿಯ ಹೆಸರೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಹೆಸರು ಉಳಿದಿದೆ, ಹಗೇವು ಎಲ್ಲೆಲ್ಲಿದೆ ಎಂಬ ನೆನಪು ಮಾತ್ರ ಮಾಸುತ್ತಿದೆ. ಅಪಾಯ ಇರುವುದು ಅಲ್ಲಿಯೇ.

ಬರಗಾಲದ ಬುತ್ತಿ

ಹೊಸ ತಲೆಮಾರಿನ ಅನೇಕರು ಹಗೇವನ್ನು ಕಂಡಿರಲಾರರು. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ ಸೀಮೆಯ ಜೋಳದ ನಾಡಿನಲ್ಲಿ ಮನೆತನದ ಸಂಪತ್ತು ಇದ್ದದ್ದು ತಿಜೋರಿಯಲ್ಲಲ್ಲ, ಹಗೇವಿನಲ್ಲಿ. ಎರೆಮಣ್ಣಿನ ಪದರ ದಾಟಿ ಕೆಳಗಿನ ಗಟ್ಟಿ ನೆಲದವರೆಗೆ ಅಗೆದು, ಮೇಲೆ ಮನುಷ್ಯನೊಬ್ಬ ಇಳಿಯುವಷ್ಟೇ ಕಿರಿದಾದ ಬಾಯಿ, ಕೆಳಗೆ ಅಗಲವಾದ ಹೊಟ್ಟೆ ಬರುವಂತೆ ಗುಂಡಿ ತೋಡುತ್ತಿದ್ದರು. ಆಕಾರದಲ್ಲಿ ದೊಡ್ಡದೊಂದು ಹೂಜಿಯನ್ನು ನೆಲದಲ್ಲಿ ಹೂತಂತೆ. ಒಳಗೋಡೆಗೆ ಕಣಿಕೆ, ಹುಲ್ಲು, ಹೊಟ್ಟು ಒತ್ತಿ, ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಅದರ ಮೇಲೆ ಮಣ್ಣು ಮೆತ್ತಿ ಬಿಡುತ್ತಿದ್ದರು. ಗಾತ್ರ ಮನೆತನದ ಅಂತಸ್ತಿಗೆ ತಕ್ಕಷ್ಟು.

ಇದರ ಹಿಂದಿನ ತಿಳಿವಳಿಕೆ ಸಾಮಾನ್ಯವಾದದ್ದಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಾ ಒಳಗಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತದೆ. ಉಸಿರಿಗೆ ಗಾಳಿ ಸಿಗದೆ ನುಸಿ, ಹುಳು ಸಾಯುತ್ತವೆ. ಯಾವ ಔಷಧಿಯೂ ಇಲ್ಲದೆ ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದುದು ಹೀಗೆ. 1876ರಿಂದ 1878ರವರೆಗಿನ ಘೋರ ಕ್ಷಾಮದಂತಹ ಬರಗಳನ್ನು ಕಂಡ ಈ ಸೀಮೆಯಲ್ಲಿ ತುಂಬಿದ ಹಗೇವಿಗೆ ಎಂತಹ ಬೆಲೆಯಿತ್ತು ಎಂಬುದನ್ನು ಊಹಿಸಬಹುದು. ಕಳ್ಳರಿಗೆ, ದಂಡಿನವರಿಗೆ ತಿಳಿಯದಿರಲೆಂದು ಬಾಯಿಯನ್ನು ನೆಲದ ಸಮಕ್ಕೆ ಮುಚ್ಚಿ, ಮೇಲೆ ಸಾರಿಸಿ ಗುರುತು ಅಳಿಸುವುದೂ ಇತ್ತು. ಅಂದಿನ ಆ ಜಾಣತನವೇ ಇಂದು ತೊಡಕಾಗಿದೆ: ಕಾಣದಂತೆ ಮುಚ್ಚಿದ್ದು ಈಗ ಮೊಮ್ಮಕ್ಕಳಿಗೂ ಕಾಣದು.

ಗೋಣಿಚೀಲ, ಗೋದಾಮು, ನ್ಯಾಯಬೆಲೆ ಅಂಗಡಿ ಬಂದ ಮೇಲೆ ಹಗೇವು ಬಳಕೆ ತಪ್ಪಿತು. ಜೋಳದ ಹೊಲಗಳಲ್ಲಿ ಗೋವಿನಜೋಳ, ಹತ್ತಿ, ಕಡಲೆ ಹೆಚ್ಚಿದವು. ಬೆಳೆದದ್ದು ನೇರವಾಗಿ ಪೇಟೆಗೆ ಹೋಗತೊಡಗಿತು. ಬರಿದಾದ ಹಗೇವುಗಳಲ್ಲಿ ಕೆಲವನ್ನು ಮಣ್ಣು ತುಂಬಿ ಮುಚ್ಚಿದರು. ಉಳಿದವುಗಳ ಮೇಲೆ ಬರೀ ಬಂಡೆ ಎಳೆದು ಬಿಟ್ಟರು. ಮನೆತನಗಳು ಪಾಲಾದವು, ಹಿತ್ತಲು ಮನೆಯಾಯಿತು, ಮನೆ ಮಾರಾಟವಾಯಿತು. ಬಂಡೆಯ ಮೇಲೆ ಗೋಡೆ ಎದ್ದಿತು.

ನೀರು ಮೇಲೇರಿದ ಬಗೆ

ಹಗೇವು ನೂರಾರು ವರ್ಷ ನಿಂತದ್ದು ನೆಲ ಒಣಗಿದ್ದರಿಂದ. ಒಣ ಮಣ್ಣು ಕಮಾನಿನಂತೆ ತನ್ನ ಭಾರವನ್ನು ತಾನೇ ಹೊರುತ್ತದೆ. ಅದೇ ಮಣ್ಣು ನೆನೆದರೆ ಹಿಡಿತ ಸಡಿಲುತ್ತದೆ. ಗೋಡೆಯ ಮಣ್ಣು ಹೆಂಟೆಹೆಂಟೆಯಾಗಿ ತಳಕ್ಕೆ ಉದುರುತ್ತದೆ. ಖಾಲಿ ಜಾಗ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಯುತ್ತದೆ. ಕಡೆಗೆ ಮೇಲುಗಡೆ ಉಳಿಯುವುದು ಒಂದೆರಡು ಅಡಿಯ ಪದರ ಮಾತ್ರ. ಅದರ ಮೇಲೆ ಹೆಜ್ಜೆಯಿಟ್ಟವರ ಭಾರವೇ ಸಾಕಾಗಬಹುದು. ಏನೂ ಇಲ್ಲದೆಯೂ ಬೀಳಬಹುದು. ಕುಸಿತ ದಿಢೀರನೆ ಆದಂತೆ ತೋರಿದರೂ ಒಳಗಿನ ಕೆಲಸ ಬಹುದಿನಗಳಿಂದ ನಡೆದಿರುತ್ತದೆ.

ಒಣ ಸೀಮೆಯಲ್ಲಿ ಇಷ್ಟು ನೀರು ಎಲ್ಲಿಂದ ಬಂತು? ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಕಾಲುವೆಗಳು ಈ ಭಾಗಕ್ಕೆ ಬಂದ ಮೇಲೆ ನೆಲದಡಿಯ ಲೆಕ್ಕವೇ ಬದಲಾಯಿತು. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವಂಥದ್ದು, ಸುಲಭವಾಗಿ ಬಸಿದು ಹೋಗಲು ಬಿಡದು. ನೀರು ನಿಂತು ಹೊಲಗಳು ಸವಳು-ಜವಳಾದ ಅನುಭವ ರೈತರಿಗೆ ಹಳೆಯದು. ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಸರ್ಕಾರ ವಿಧಿಸಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದ ರೈತ ಬಂಡಾಯದ ನೆನಪು ಪ್ರತಿವರ್ಷ ಹುತಾತ್ಮ ದಿನದಂದು ಮರಳುತ್ತದೆ. ಕಾಲುವೆಯ ನೀರು ಹೊಲಕ್ಕೆ ಏನು ಮಾಡಿತೆಂಬುದು ಹೀಗೆ ಚರ್ಚೆಗೆ ಬಂತು. ಅದೇ ನೀರು ಊರಿನ ಅಡಿಪಾಯಕ್ಕೆ ಏನು ಮಾಡಿತೆಂಬುದು ಚರ್ಚೆಗೆ ಬರಲು ಮತ್ತೆ ನಾಲ್ಕು ದಶಕ ಬೇಕಾದವು.

ಇದರ ಜೊತೆಗೆ ಪಟ್ಟಣದೊಳಗಿನ ನೀರೂ ಸೇರುತ್ತದೆ. ಹಿಂದೆ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದ ಮನೆಗಳಿಗೆ ಈಗ ನಳ ಬಂದಿದೆ. ಬಳಸುವ ನೀರು ಹೆಚ್ಚಿದಷ್ಟೂ ಚೆಲ್ಲುವ ನೀರೂ ಹೆಚ್ಚು. ಅದನ್ನು ಊರ ಹೊರಗೆ ಒಯ್ಯುವ ವ್ಯವಸ್ಥೆ ಅದೇ ವೇಗದಲ್ಲಿ ಬೆಳೆಯದಿದ್ದರೆ ನೀರು ಇಂಗುವುದು ಮನೆಯ ಬುಡದಲ್ಲಿಯೇ. ಒಡೆದ ಪೈಪು, ತಳವಿಲ್ಲದ ಗಟಾರು, ಬಚ್ಚಲು ನೀರಿನ ಇಂಗುಗುಂಡಿ, ಪಾಯಖಾನೆ ಗುಂಡಿ ಎಲ್ಲವೂ ನೆಲಕ್ಕೆ ನೀರುಣಿಸುತ್ತವೆ. ಒಂದು ನಳದ ಸೋರಿಕೆ ಕ್ಷುಲ್ಲಕವೆನಿಸಬಹುದು. ಅದು ಹಗೇವಿನ ಪಕ್ಕದಲ್ಲಿದ್ದರೆ ಹಾಗೆನ್ನುವಂತಿಲ್ಲ. ಇಂತಹ ಸ್ಥಿತಿಯಲ್ಲಿಯೇ 2019ರ ಭಾರಿ ಮಳೆ ಬಂದಿತು.

ಉತಾರದಲ್ಲಿಲ್ಲದ ಗುಂಡಿ

ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ 20 ಸಾವಿರದಿಂದ 50 ಸಾವಿರದವರೆಗಿನ ಜನಸಂಖ್ಯೆಯ ಊರುಗಳಿಗೆ ಪುರಸಭೆ. 2011ರ ಜನಗಣತಿಯಂತೆ ನರಗುಂದದಲ್ಲಿ ಸುಮಾರು 36 ಸಾವಿರ, ಗಜೇಂದ್ರಗಡದಲ್ಲಿ 32 ಸಾವಿರ, ರೋಣದಲ್ಲಿ 23 ಸಾವಿರ ಜನರಿದ್ದು, ಮೂರೂ ಕಡೆ ಪುರಸಭೆಗಳಿವೆ. ಮನೆ ಕಟ್ಟಲು ಪರವಾನಗಿ ನೀಡುವುದು, ಅಪಾಯದ ಸ್ಥಿತಿಯಲ್ಲಿರುವ ಕಟ್ಟಡದ ಮಾಲೀಕರಿಗೆ ನೋಟಿಸು ಕೊಡುವುದು, ಕುಡಿಯುವ ನೀರು, ಗಟಾರು, ರಸ್ತೆ ಇವೆಲ್ಲ ಪುರಸಭೆಯ ಕೆಲಸ. ಆಸ್ತಿ ವಹಿಯ ನಮೂನೆ-3ರಲ್ಲಿ ಮಾಲೀಕರ ಹೆಸರು, ಅಳತೆ, ಚಕ್ಕುಬಂದಿ, ಕರದ ವಿವರ ಸಿಗುತ್ತವೆ. ಆದರೆ ಯಾವ ಉತಾರದಲ್ಲೂ ಹಗೇವಿಗೊಂದು ಕಾಲಂ ಇಲ್ಲ. ಸಿಟಿ ಸರ್ವೆ ನಕಾಶೆ ಅಳೆಯುವುದು ನೆಲದ ಮೇಲ್ಮೈಯನ್ನು, ಒಡಲನ್ನಲ್ಲ.

ಹೀಗಾಗಿ ಹಳೆಯ ಓಣಿಯಲ್ಲಿ ಮನೆ ಕೊಳ್ಳುವವರು ಕಾಗದಪತ್ರವನ್ನೆಲ್ಲ ವಕೀಲರಿಗೆ ತೋರಿಸಿದರೂ ಹಗೇವಿನ ಸುಳಿವು ಸಿಗದು. ಅದು ಸಿಗುವುದು ಓಣಿಯ ಎಂಬತ್ತು ದಾಟಿದ ಅಜ್ಜ-ಅಜ್ಜಿಯರಲ್ಲಿ. ಯಾರ ಮನೆಯ ಹಗೇವು ಯಾವ ಮೂಲೆಗಿತ್ತು, ಎಷ್ಟು ಚೀಲ ಹಿಡಿಯುತ್ತಿತ್ತು, ಅದನ್ನು ತುಂಬಿದರೋ ಬರೀ ಮುಚ್ಚಿದರೋ ಎಂಬುದನ್ನು ಅವರು ಕೈಮಾಡಿ ತೋರಿಸಬಲ್ಲರು. ಈ ದಫ್ತರ ಹೆಚ್ಚು ದಿನ ಉಳಿಯುವಂಥದ್ದಲ್ಲ. ವಾರ್ಡಿನ ಸದಸ್ಯರು, ಪುರಸಭೆಯ ಕಂದಾಯ ಸಿಬ್ಬಂದಿ ಹಿರಿಯರನ್ನು ಜೊತೆಗೆ ಕರೆದುಕೊಂಡು ಓಣಿ ಓಣಿ ಸುತ್ತಿ, ಮನೆಯ ಸಂಖ್ಯೆಯ ಮುಂದೆ ಒಂದು ಗುರುತು ಹಾಕಿಕೊಂಡರೆ ಸಾಕು, ಅರ್ಧ ಕೆಲಸ ಮುಗಿಯುತ್ತದೆ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ನೆಲದೊಳಗಿನ ಪೊಳ್ಳನ್ನು ಪತ್ತೆಹಚ್ಚುವ ಯಂತ್ರಗಳು ಇವೆಯಾದರೂ ಎರೆಮಣ್ಣಿನಂತಹ ಜಿಗುಟು, ತೇವದ ನೆಲದಲ್ಲಿ ರೇಡಾರ್ ತರಂಗಗಳು ಹೆಚ್ಚು ಆಳಕ್ಕೆ ಇಳಿಯವು. ಹಿರಿಯರ ಮಾತು ಯಂತ್ರಕ್ಕೂ ದಾರಿ ತೋರಿಸಬೇಕಾದೀತು.

ಮನೆಯ ಬೆಲೆ ಇಳಿಯುವುದೆಂಬ ಅಂಜಿಕೆಯಿಂದ ಕೆಲವರು ಹಗೇವಿನ ವಿಷಯ ಮರೆಮಾಚುವುದುಂಟು. ಅಂಜಿಕೆ ಸಹಜ. ಆದರೆ ಹಗೇವು ಒಬ್ಬರ ಗೋಡೆಯೊಳಗೆ ನಿಲ್ಲುವುದಿಲ್ಲ. ಕುಸಿದರೆ ನೆರೆಮನೆಯ ಪಾಯವನ್ನೂ ಎಳೆಯುತ್ತದೆ.

ಮುನ್ಸೂಚನೆಗಳು

ನೆಲ ಬೀಳುವ ಮುಂಚೆ ಕೆಲವು ಗುರುತುಗಳನ್ನು ಕೊಡುವುದುಂಟು. ಹಾಸುಗಲ್ಲು ಒಂದು ಮಗ್ಗುಲಿಗೆ ವಾಲುವುದು, ಹಾರೆಯಿಂದ ಕುಟ್ಟಿದಾಗ ಒಂದೇ ಜಾಗದಲ್ಲಿ ಟೊಳ್ಳು ಸದ್ದು ಬರುವುದು, ಅಂಗಳದಲ್ಲಿ ತಟ್ಟೆಯಾಕಾರದ ತಗ್ಗು ಬೀಳುವುದು, ಚೆಲ್ಲಿದ ನೀರು ಹರಿಯದೆ ಒಂದೆಡೆ ಗುಳುಂ ಎಂದು ಇಳಿದುಹೋಗುವುದು, ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಗೋಡೆಯಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಬಿರುಕು ಏರುವುದು ಇವುಗಳಲ್ಲಿ ಮುಖ್ಯವಾದವು. ಎರೆನೆಲದ ಮನೆಗಳಲ್ಲಿ ಬಿರುಕು ಸಾಮಾನ್ಯ ಎಂಬುದೂ ನಿಜ. ಬೇಸಿಗೆಯಲ್ಲಿ ನೆಲ ಕುಗ್ಗಿ, ಮಳೆಗಾಲದಲ್ಲಿ ಹಿಗ್ಗಿ ಗೋಡೆಯನ್ನು ಸೀಳುತ್ತದೆ. ಬಿರುಕಿನ ಎರಡು ತುದಿಗೆ ಸೀಸದಕಡ್ಡಿಯಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಮಳೆ ಬಂದ ಮೇಲೆ ಮುಚ್ಚಿಕೊಳ್ಳಬೇಕಾದ ಬಿರುಕು ಅಗಲವಾಗುತ್ತಲೇ ಇದ್ದರೆ, ಅದರ ಜೊತೆಗೆ ನೆಲವೂ ತಗ್ಗುತ್ತಿದ್ದರೆ ಆ ಕೋಣೆಯಲ್ಲಿ ಮಲಗುವುದನ್ನು ಅಂದೇ ನಿಲ್ಲಿಸಬೇಕು.

ಗುಂಡಿ ಕಂಡೊಡನೆ ಇಣುಕಲು ಜನ ಸೇರುತ್ತಾರೆ. ಇದೇ ದೊಡ್ಡ ಅಪಾಯ. ಹಗೇವಿನ ಬಾಯಿ ಕಿರಿದು, ಹೊಟ್ಟೆ ಅಗಲ. ಅಂಚಿನಲ್ಲಿ ನಿಂತವರ ಕಾಲಡಿಯಲ್ಲಿ ನೆಲವೇ ಇರುವುದಿಲ್ಲ. ಕಾಣುವ ಬಾಯಿಗಿಂತ ಬಹುದೂರದಲ್ಲಿ ಹಗ್ಗ ಅಥವಾ ಮುಳ್ಳುಕಂಟಿ ಕಟ್ಟಿ ಮಕ್ಕಳನ್ನೂ ದನಕರುಗಳನ್ನೂ ತಡೆಯಬೇಕು. ಎತ್ತಿನ ಗಾಡಿ, ಟ್ರ್ಯಾಕ್ಟರ್‌ಗಳನ್ನು ಆ ದಾರಿಯಲ್ಲಿ ಬಿಡಬಾರದು. ಮನೆಯೊಳಗೆ ಕುಸಿದಿದ್ದರೆ ವಿದ್ಯುತ್ ಮುಖ್ಯ ಗುಂಡಿಯನ್ನು ಆರಿಸಿ, ಅಡುಗೆ ಅನಿಲದ ಸಿಲಿಂಡರ್ ಮುಚ್ಚಿ ಹೊರಬರುವುದು ಮೊದಲ ಕೆಲಸ.

ಇಳಿಯುವ ಮುನ್ನ

ಹಳೆಯ ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯಬಾರದು ಎಂಬುದು ಹಿಂದಿನವರಿಗೆ ಕಟ್ಟಳೆಯಾಗಿತ್ತು. ಒಂದೆರಡು ದಿನ ಗಾಳಿಗೆ ಬಿಟ್ಟು, ಬಳಿಕ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಭಾರವಾದ ಅನಿಲ, ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವರು ಕೂಗಲೂ ಆಗದೆ ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಇಳಿದ ಅಣ್ಣ, ತಮ್ಮ, ನೆರೆಯವರೂ ಅಲ್ಲಿಯೇ ಉಳಿಯುತ್ತಾರೆ. ಇಂತಹ ದುರಂತಗಳಲ್ಲಿ ಒಂದರ ಬದಲು ಎರಡು, ಮೂರು ಜೀವ ಹೋಗುವುದು ಈ ಕಾರಣದಿಂದ.

ಕಂದೀಲಿನ ಪರೀಕ್ಷೆ ಕಾಳಿನ ಹಗೇವಿಗೆ ಮಾತ್ರ ಸಲ್ಲುವಂಥದ್ದು. ಚರಂಡಿ ನೀರು ಸೇರಿದ ಹಗೇವು, ಪಾಯಖಾನೆ ಗುಂಡಿ, ಮ್ಯಾನ್‌ಹೋಲ್‌ಗಳಲ್ಲಿ ಹೊತ್ತಿಕೊಳ್ಳುವ ಮೀಥೇನ್ ಇರಬಹುದು. ಅಲ್ಲಿಗೆ ದೀಪ ಇಳಿಸುವುದೇ ಅನಾಹುತ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಕ್ರೂರ. ಹೆಚ್ಚು ಪ್ರಮಾಣದಲ್ಲಿದ್ದರೆ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸಿಬಿಡುವುದರಿಂದ ವಾಸನೆ ಹೋಯಿತೆಂದು ಧೈರ್ಯ ಪಡುವಂತಿಲ್ಲ. ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಮಲಗುಂಡಿಗೆ ಯಾರನ್ನಾದರೂ ಇಳಿಸುವುದು 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಖಾಸಗಿ ಮನೆಯವರಿಗೂ ಇದು ಅನ್ವಯಿಸುತ್ತದೆ.

ತುಂಬುವುದಕ್ಕೂ ಕ್ರಮವಿದೆ

ಗುಂಡಿ ಬಿದ್ದ ದಿನವೇ ಗಾಬರಿಯಿಂದ ಮನೆಯ ಕಸ, ಕಟ್ಟಿಗೆ, ಹಳೆಯ ಕಣಿಕೆ ತಂದು ಸುರಿಯುವವರಿದ್ದಾರೆ. ಅವೆಲ್ಲ ಕೊಳೆತು ಕುಗ್ಗಿ, ಒಂದೆರಡು ಮಳೆಗಾಲದಲ್ಲಿ ಅದೇ ಜಾಗ ಮತ್ತೆ ಕುಸಿಯುತ್ತದೆ. ಎರೆಮಣ್ಣೂ ತಕ್ಕದ್ದಲ್ಲ, ಅದು ಹಿಗ್ಗಿ ಕುಗ್ಗುವ ಮಣ್ಣು. ತಳಕ್ಕೆ ಕಲ್ಲು, ಅದರ ಮೇಲೆ ಗರಸು ಇಲ್ಲವೆ ಮರಳನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ದಮ್ಮಸು ಮಾಡುತ್ತ ಮೇಲೆ ಬರಬೇಕು. ಹಗೇವಿನಲ್ಲಿ ನೀರು ನಿಂತಿದ್ದರೆ ಪಂಪು ಹಚ್ಚಿ ಒಂದೇ ಸಲಕ್ಕೆ ಎತ್ತುವುದೂ ಸರಿಯಲ್ಲ. ನೆನೆದ ಗೋಡೆಗೆ ಒಳಗಿನ ನೀರೇ ಆಸರೆಯಾಗಿರುತ್ತದೆ. ಅದು ಬೇಗನೆ ಇಳಿದರೆ ಗೋಡೆ ಕುಸಿದು ಬಾಯಿ ಇನ್ನಷ್ಟು ಅಗಲವಾಗುತ್ತದೆ. ಪುರಸಭೆಯ ಎಂಜಿನಿಯರ್ ನೋಡಿ ಹೇಳಿದ ಮೇಲೆ ಕೈಹಚ್ಚುವುದು ಲೇಸು.

ತರಾತುರಿಯಿಂದ ಆಗುವ ನಷ್ಟ ಇನ್ನೊಂದಿದೆ. ಪಂಚನಾಮೆಗೆ ಮೊದಲೇ ಗುಂಡಿ ಮುಚ್ಚಿಬಿಟ್ಟರೆ ಪರಿಹಾರ ಕೇಳಲು ಆಧಾರವೇ ಉಳಿಯದು. ನಾಲ್ಕೂ ಕಡೆಯಿಂದ ಚಿತ್ರ ತೆಗೆದು, ಪುರಸಭೆಗೂ ತಹಶೀಲ್ದಾರ್ ಕಚೇರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡಿದ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಪರಿಹಾರದ ವಿಷಯದಲ್ಲಿ ಒಂದು ತೊಡಕನ್ನು ನಾಗರಿಕರು ತಿಳಿದಿರುವುದು ಅಗತ್ಯ. ವಿಪತ್ತು ಪರಿಹಾರ ನಿಧಿಯ ಕೇಂದ್ರದ ಪಟ್ಟಿಯಲ್ಲಿ ಬರ, ನೆರೆ, ಭೂಕಂಪ, ಗುಡ್ಡಕುಸಿತ ಮೊದಲಾದವು ಇವೆ. ಹಗೇವು ಕುಸಿತಕ್ಕೆ ಹೆಸರಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಸ್ಥಳೀಯ ವಿಪತ್ತುಗಳನ್ನು ರಾಜ್ಯವೇ ಗುರುತಿಸಿ, ನಿಧಿಯ ವಾರ್ಷಿಕ ಮೊತ್ತದ ಶೇ 10ರವರೆಗೆ ಅವುಗಳಿಗೆ ಬಳಸಲು ಕೇಂದ್ರದ ನಿಯಮದಲ್ಲಿಯೇ ಅವಕಾಶವಿದೆ. 2022ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಬಯಲುಸೀಮೆಯಲ್ಲಿ ಪೂರ್ಣ ನಾಶವಾದ ಮನೆಗೆ 1.20 ಲಕ್ಷ ರೂ. ನಿಗದಿಯಾಗಿತ್ತು. 2019ರ ನೆರೆಯ ಕಾಲದಲ್ಲಿ ರಾಜ್ಯ ಸರ್ಕಾರ ಪೂರ್ಣ ಬಿದ್ದ ಮನೆಗಳಿಗೆ 5 ಲಕ್ಷ ರೂ. ಘೋಷಿಸಿದ್ದೂ ಉಂಟು. ನೆರೆಯಲ್ಲಿ ಬಿದ್ದ ಮನೆಗೂ ನೆಲಕ್ಕಿಳಿದ ಮನೆಗೂ ಇರುವ ಅಂತರ ಕಾಗದದ ಮೇಲಿನದು. ಬೀದಿಗೆ ಬಿದ್ದ ಕುಟುಂಬಕ್ಕೆ ಎರಡೂ ಒಂದೇ. ಮೂರೂ ಪುರಸಭೆಗಳು ನಿರ್ಣಯ ಅಂಗೀಕರಿಸಿ ಜಿಲ್ಲಾಡಳಿತದ ಮೂಲಕ ಸರ್ಕಾರದ ಮುಂದೆ ಈ ಬೇಡಿಕೆಯನ್ನು ಇಡಲು ಅಡ್ಡಿಯೇನೂ ಇಲ್ಲ.

ರೋಣ, ಗಜೇಂದ್ರಗಡದಲ್ಲಿ

ಕುಸಿತದ ಸುದ್ದಿ ನರಗುಂದದ್ದಾದರೂ ಹಗೇವು ನರಗುಂದಕ್ಕೆ ಸೀಮಿತವಾದದ್ದಲ್ಲ. ಜೋಳ ಬೆಳೆದ ಎರೆಸೀಮೆಯ ಊರುಗಳಲ್ಲೆಲ್ಲ ಈ ಪದ್ಧತಿಯಿತ್ತು. ಬಯಲಿನ ರೋಣವೂ, ಗುಡ್ಡದ ಸೆರಗಿನ ಗಜೇಂದ್ರಗಡವೂ ನೆಲದ ಗುಣದಲ್ಲಿ ಒಂದೇ ಅಲ್ಲ. ಆದರೂ ಹಳೆಯ ವಾಡೆಗಳಿರುವ ಓಣಿಗಳಲ್ಲಿ ವಿಚಾರಿಸಿಕೊಳ್ಳದೆ ಹೊಸ ಪಾಯ ತೆಗೆಯುವುದು ವಿವೇಕವಲ್ಲ. ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ, ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಕಡೆಯ ಹೊಳೆದಂಡೆಯ ಊರುಗಳು 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನೀರು ಕಂಡಿವೆ. ನೆರೆ ಇಳಿದ ಮೇಲೂ ಮನೆಯ ನೆಲ ಬಹುದಿನ ನೆನೆದೇ ಇರುತ್ತದೆ. ನೀರು ಇಳಿದೊಡನೆ ಮನೆ ಸೇರುವ ಆತುರ ಅಲ್ಲಿ ಸಲ್ಲದು.

ಮೂರೂ ಕಡೆ ಸಮಾನವಾದ ಇನ್ನೊಂದು ಅಪಾಯ ತಲೆಯ ಮೇಲಿದೆ. ಅದು ಮಣ್ಣಿನ ಮಾಳಿಗೆ. ಸೋರಿಕೆ ತಡೆಯಲೆಂದು ವರ್ಷ ವರ್ಷ ಮೇಲೆ ಮಣ್ಣು ಹಾಕಿಸುತ್ತ ಬಂದ ಮಾಳಿಗೆಯ ಭಾರ, ಜಡಿಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚುತ್ತದೆ. ಕೆಳಗಿನ ತೊಲೆ, ಜಂತಿಗಳು ಗೆದ್ದಲು ತಿಂದು ಸೊರಗಿರುತ್ತವೆ. ಮಳೆ ನಿಂತು ಬಿಸಿಲು ಬಿದ್ದ ದಿನವೂ ಗೋಡೆ ಬೀಳಬಹುದು. ಮುಂಗಾರಿಗೆ ಮುಂಚೆ ಹೆಚ್ಚಿನ ಮಣ್ಣನ್ನು ಇಳಿಸುವುದು, ತೊಲೆಯ ಗೋಡೆಯೊಳಗಿನ ತುದಿಯನ್ನು ಚುಚ್ಚಿ ಪರೀಕ್ಷಿಸುವುದು, ಜಿಟಿಜಿಟಿ ಮಳೆ ಹಿಡಿದ ರಾತ್ರಿಗಳಲ್ಲಿ ಮಕ್ಕಳು, ವೃದ್ಧರನ್ನು ಗಟ್ಟಿಯಾದ ಕೋಣೆಗೆ ಅಥವಾ ನೆಂಟರ ಮನೆಗೆ ಕಳಿಸುವುದು ಜೀವ ಉಳಿಸುವ ಕ್ರಮಗಳು.

ನಳದ ಸೋರಿಕೆ, ಗಟಾರು ಕಟ್ಟಿದ ದೂರುಗಳನ್ನು ಪುರಸಭೆಯಲ್ಲಿ ಬರವಣಿಗೆಯಲ್ಲಿಯೇ ಕೊಡುವುದು ಒಳ್ಳೆಯದು. ನೆಲ ಕುಸಿತ, ಮನೆ ಬಿದ್ದ ಸಂದರ್ಭದಲ್ಲಿ ತುರ್ತು ಸಹಾಯಕ್ಕೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಆಂಬುಲೆನ್ಸ್‌ಗೆ 108, ಹರಿದ ವಿದ್ಯುತ್ ತಂತಿಯ ಬಗ್ಗೆ ಹೆಸ್ಕಾಂಗೆ 1912, ಅಡುಗೆ ಅನಿಲ ಸೋರಿಕೆಗೆ 1906 ಸಂಖ್ಯೆಗಳಿಗೆ ಕರೆ ಮಾಡಬಹುದು.